ಮಾಸಿನ ಕ್ಯಾನ್ಸರ್ (ಕೋರಿಯೋಕಾರ್ಸಿನೋಮಾ): ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕ್ಯಾನಿಂಗ್‌ನಲ್ಲಿ ‘ಮೋಲ್’ ಅಂತ ಬಂದವರು, ಹೆರಿಗೆ ಅಥವಾ ಅಬಾರ್ಷನ್ ಆದಮೇಲೆ ರಕ್ತಸ್ರಾವ ನಿಲ್ಲದವರು, ಕೀಮೋ ಶುರುವಾಗಿರುವವರು ಮತ್ತು ಅವರ ಮನೆಯವರಿಗಾಗಿ ಇದನ್ನು ಬರೆದಿದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಇದ್ದುಕೊಂಡೇ ಚಿಕಿತ್ಸೆ ಪಡೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇವೆ. ಔಷಧಿಯ ಪ್ರಮಾಣಗಳನ್ನು ಕೊಟ್ಟಿರುವುದು ನಿಮ್ಮ ಚೀಟಿಯಲ್ಲಿರುವುದು ಅರ್ಥವಾಗಲಿ ಅಂತ ಮಾತ್ರ. ತಾವಾಗಿಯೇ ತೆಗೆದುಕೊಳ್ಳುವುದಕ್ಕಲ್ಲ.

ಮಾಸಿಗೂ ಕ್ಯಾನ್ಸರ್ ಬರುತ್ತದೆಯೇ?

ಬರುತ್ತದೆ, ಆದರೆ ಬಹಳ ಅಪರೂಪ. ಗರ್ಭ ಕಟ್ಟಿದಾಗ ಗರ್ಭಕೋಶದ ಗೋಡೆಗೆ ಅಂಟಿಕೊಂಡು ಮಾಸನ್ನು ಕಟ್ಟುವ ಜೀವಕೋಶಗಳಿಗೆ ಟ್ರೋಫೋಬ್ಲಾಸ್ಟ್ ಅನ್ನುತ್ತಾರೆ. ಗೋಡೆಯೊಳಗೆ ಇಳಿದು ತಾಯಿಯ ರಕ್ತನಾಳಗಳನ್ನು ತಲುಪುವುದು ಇವುಗಳ ಸಹಜ ಕೆಲಸ. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲದೆ ಬೆಳೆಯುತ್ತಾ ಹೋಗಿ, ರಕ್ತದ ಮೂಲಕ ಬೇರೆ ಅಂಗಗಳಿಗೂ ಹರಡಿದರೆ ಅದು ಕೋರಿಯೋಕಾರ್ಸಿನೋಮಾ. ಹೆಚ್ಚಿನವರಲ್ಲಿ ಇದು ಬಸಿರು ಇರುವಾಗ ಅಲ್ಲ, ಬಸಿರು ಮುಗಿದ ಮೇಲೆ ಗೊತ್ತಾಗುತ್ತದೆ. ಕೆಲವರಲ್ಲಿ ವಾರಗಳ ನಂತರ, ಕೆಲವರಲ್ಲಿ ತಿಂಗಳುಗಳು ಕಳೆದ ಮೇಲೆ, ಅಪರೂಪಕ್ಕೆ ವರ್ಷಗಳ ನಂತರ.

ಸುಮಾರು ಅರ್ಧದಷ್ಟು ಪ್ರಕರಣಗಳಿಗೆ ಮೊದಲು ಮೋಲ್ ಗರ್ಭ, ಅಂದರೆ ಮಾಸು ನೀರುಗುಳ್ಳೆಗಳಾಗಿ ಊದಿಕೊಂಡ ಗರ್ಭ ಇರುತ್ತದೆ. ಕಾಲು ಭಾಗ ಅಬಾರ್ಷನ್ ಅಥವಾ ನಳಿಕೆಯ ಗರ್ಭದ (ಗರ್ಭಕೋಶದ ಬದಲು ನಳಿಕೆಯಲ್ಲೇ ನಿಂತ ಗರ್ಭ) ನಂತರ ಬರುತ್ತವೆ. ಉಳಿದ ಕಾಲು ಭಾಗ ಸರಿಯಾಗಿ ಹೆರಿಗೆಯಾಗಿ, ಆರೋಗ್ಯವಂತ ಮಗು ಹುಟ್ಟಿದ ಮೇಲೆ. ಎಲ್ಲರೂ ತಪ್ಪಿಸಿಕೊಳ್ಳುವುದು ಈ ಕೊನೆಯ ಕಾಲು ಭಾಗವನ್ನೇ.

ಡಾಕ್ಟರು ಮೋಲ್ ಅಂದರು. ಅದೇ ಕ್ಯಾನ್ಸರಾ?

ಅಲ್ಲ. ಮೋಲ್ ಅಂದರೆ ಕೂಸಿನ ಬದಲು ಮಾಸಿನ ಅಂಶವೇ ನೀರುಗುಳ್ಳೆಗಳಾಗಿ ಊದಿಕೊಂಡಿರುವುದು. ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ಚಪ್ಪರದ ಕೆಳಗೆ ನಿಂತವರಿಗೆ ಅದರ ರೂಪ ಬೇರೆ ಹೇಳಬೇಕಿಲ್ಲ, ಹಾಗೇ ಗೊಂಚಲು ಗೊಂಚಲಾಗಿ ಇರುತ್ತದೆ. ಪೂರ್ಣ ಮೋಲ್‌ನಲ್ಲಿ ಕೂಸು ಇರುವುದೇ ಇಲ್ಲ, ವರ್ಣತಂತುಗಳೆಲ್ಲ ತಂದೆಯ ಕಡೆಯವು. ಭಾಗಶಃ ಮೋಲ್‌ನಲ್ಲಿ ವರ್ಣತಂತುಗಳು 46ರ ಬದಲು 69 ಇರುತ್ತವೆ. ಕೂಸಿನ ಅಂಶ ಇದ್ದರೂ ಅದು ಉಳಿಯುವುದಿಲ್ಲ.

ತೆಗೆದ ಮೇಲೆ ಹೆಚ್ಚಿನವರಿಗೆ ಅಲ್ಲಿಗೇ ಮುಗಿಯುತ್ತದೆ. ಪೂರ್ಣ ಮೋಲ್ ಆದ 100 ಜನರಲ್ಲಿ 15ರಿಂದ 20 ಜನರಿಗೆ, ಭಾಗಶಃ ಮೋಲ್ ಆದ 100ರಲ್ಲಿ 1ರಿಂದ 5 ಜನರಿಗೆ, ಒಳಗೆ ಉಳಿದ ಜೀವಕೋಶಗಳು ಮತ್ತೆ ಬೆಳೆದು ಕೀಮೋ ಬೇಕಾಗುತ್ತದೆ. ಅದು ಯಾರಿಗೆ ಅಂತ ಮೊದಲೇ ಹೇಳಲು ಬರುವುದಿಲ್ಲ. ಆದ್ದರಿಂದ ಎಲ್ಲರಿಗೂ ರಕ್ತಪರೀಕ್ಷೆ ಬೇಕೇ ಬೇಕು.

ನಮ್ಮಿಂದ ಏನಾದರೂ ತಪ್ಪಾಯಿತಾ? ತಿಂದದ್ದು, ಗ್ರಹಣ, ಹೆಚ್ಚು ಕೆಲಸ?

ಯಾವುದೂ ಅಲ್ಲ. ಅತ್ತೆಯದ್ದೂ ಅಲ್ಲ, ಸೊಸೆಯದ್ದೂ ಅಲ್ಲ. ಗರ್ಭ ಕಟ್ಟುವ ಗಳಿಗೆಯಲ್ಲಾಗುವ ವರ್ಣತಂತುವಿನ ಎಡವಟ್ಟಿನಿಂದ ಮೋಲ್ ಆಗುತ್ತದೆ. ತೀರಾ ಚಿಕ್ಕ ವಯಸ್ಸಿನವರಲ್ಲಿ ಮತ್ತು 40 ದಾಟಿದವರಲ್ಲಿ ಸ್ವಲ್ಪ ಹೆಚ್ಚು. ಹಿಂದೆ ಒಮ್ಮೆ ಮೋಲ್ ಆದವರಿಗೂ ಹೆಚ್ಚು.

ಹೆರಿಗೆಯಾಗಿ ಎರಡು ತಿಂಗಳಾಯಿತು, ರಕ್ತ ನಿಂತೂ ನಿಂತೂ ಬರುತ್ತಿದೆ. ಬಾಣಂತಿಗೆ ಇದೆಲ್ಲ ಸಹಜ ಅಲ್ಲವೇ?

ಹೆರಿಗೆಯ ನಂತರದ ಸ್ರಾವ ಸಾಮಾನ್ಯವಾಗಿ ಆರು ವಾರದೊಳಗೆ ನಿಲ್ಲುತ್ತದೆ. ಆಮೇಲೂ ಬಿಟ್ಟು ಬಿಟ್ಟು ಹೋಗುತ್ತಿದ್ದರೆ, ಗಡ್ಡೆಗಟ್ಟಿ ಹೋಗುತ್ತಿದ್ದರೆ, ಮಾಸಿನ ತುಂಡು ಉಳಿದಿರಬಹುದು, ಸೋಂಕಿರಬಹುದು, ಸುಮ್ಮನೆ ಮುಟ್ಟೇ ಶುರುವಾಗಿರಬಹುದು. ಹೆಚ್ಚಾಗಿ ಇವುಗಳಲ್ಲೊಂದೇ. ಆದರೆ ಮಾಸಿನ ಜೀವಕೋಶಗಳು ಬಿಡುವ ಹಾರ್ಮೋನನ್ನು ಅಳೆಯುವ ಬೀಟಾ ಎಚ್‌ಸಿಜಿ ಎಂಬ ಒಂದೇ ಒಂದು ರಕ್ತಪರೀಕ್ಷೆ ಈ ಕ್ಯಾನ್ಸರನ್ನು ಬೇರ್ಪಡಿಸಿ ತೋರಿಸುತ್ತದೆ. ಅದನ್ನು ಮಾಡಿಸದೆ ರಕ್ತ ನಿಲ್ಲುವ ಮಾತ್ರೆಯನ್ನೇ ತಿಂಗಳುಗಟ್ಟಲೆ ನುಂಗುವುದು ಸರಿಯಲ್ಲ.

ಬಾಣಂತನ ತವರಿನಲ್ಲಿ ನಡೆಯುವುದರಿಂದ ಒಂದು ತೊಡಕಿದೆ. ಹೆರಿಗೆ ಮಾಡಿಸಿದ ಆಸ್ಪತ್ರೆ ಒಂದು ಕಡೆ, ಈಗ ತೋರಿಸುವ ಡಾಕ್ಟರು ಇನ್ನೊಂದು ಕಡೆ. ತಾಯಿ ಕಾರ್ಡ್ ಮತ್ತು ಡಿಸ್ಚಾರ್ಜ್ ಚೀಟಿ ಬಾಣಂತಿಯ ಜೊತೆಗೇ ತವರಿಗೆ ಹೋಗಬೇಕು. ಹೆರಿಗೆ ಯಾವಾಗ, ಮಾಸು ಪೂರ್ತಿ ಬಂತೋ ಇಲ್ಲವೋ ಅನ್ನುವುದನ್ನು ಹೊಸ ಡಾಕ್ಟರು ಅದರಲ್ಲೇ ನೋಡಬೇಕು.

ಬಸಿರಿನಲ್ಲಿರುವಾಗಲೇ ಮೋಲ್‌ನ ಅನುಮಾನ ಹುಟ್ಟಿಸುವ ಲಕ್ಷಣಗಳು ಬೇರೆ: ಮೊದಲ ಮೂರ್ನಾಲ್ಕು ತಿಂಗಳಲ್ಲಿ ರಕ್ತಸ್ರಾವ, ವಿಪರೀತ ವಾಂತಿ, ತಿಂಗಳಿಗೆ ಮೀರಿ ಬೆಳೆದ ಹೊಟ್ಟೆ, 20 ವಾರಕ್ಕೆ ಮೊದಲೇ ಬಿಪಿ ಏರುವುದು, ಎದೆ ಹೊಡೆದುಕೊಳ್ಳುವುದು ಮತ್ತು ಕೈನಡುಕ. ಎಚ್‌ಸಿಜಿ ವಿಪರೀತ ಏರಿದಾಗ ಅದು ಥೈರಾಯ್ಡ್ ಗ್ರಂಥಿಯನ್ನೂ ಕೆರಳಿಸುತ್ತದೆ, ನಡುಕ ಅದರಿಂದ. ಮೊದಲ ಸ್ಕ್ಯಾನಿಂಗ್ ಸರಿಯಾದ ಕಾಲಕ್ಕೆ ಆದವರಲ್ಲಿ ಇವೆಲ್ಲ ಕಾಣಿಸಿಕೊಳ್ಳುವ ಮೊದಲೇ ಮೋಲ್ ಸಿಕ್ಕಿಬೀಳುತ್ತದೆ.

ಕೆಮ್ಮಿದರೆ ರಕ್ತ ಬರುತ್ತಿದೆ, ಎಕ್ಸ್‌ರೇನಲ್ಲಿ ಮಚ್ಚೆ ಇದೆ. ಟಿಬಿ ಇರಬಹುದು ಅಂದರು.

ಟಿಬಿ ನಮ್ಮಲ್ಲಿ ಸಾಮಾನ್ಯ, ಆದ್ದರಿಂದ ಆ ಅನುಮಾನ ನ್ಯಾಯವೇ. ಆದರೆ ಈ ಕ್ಯಾನ್ಸರ್ ಹರಡಿದರೆ ಮೊದಲು ಹೋಗುವುದು ಶ್ವಾಸಕೋಶಕ್ಕೆ. ಹೆರುವ ವಯಸ್ಸಿನ ಹೆಂಗಸಿಗೆ ಶ್ವಾಸಕೋಶದಲ್ಲಿ ಗುಂಡು ಗುಂಡಾದ ಮಚ್ಚೆಗಳಿದ್ದು, ಕಫದಲ್ಲಿ ಟಿಬಿ ಸಿಗದಿದ್ದರೆ, ಮುಂದಿನ ಹೆಜ್ಜೆ ಬೀಟಾ ಎಚ್‌ಸಿಜಿ ಆಗಬೇಕು. ಹಾಗೆಯೇ ಇದ್ದಕ್ಕಿದ್ದಂತೆ ಫಿಟ್ಸ್ ಬಂದರೆ, ತೀವ್ರ ತಲೆನೋವಿನ ಜೊತೆ ಕೈಕಾಲು ಸೋತರೆ ಮಿದುಳಿಗೆ ಹರಡಿರುವ ಸಾಧ್ಯತೆ ಇರುತ್ತದೆ. ಆಗ 108ಕ್ಕೆ ಫೋನ್ ಮಾಡಿ, ಕಾಯಬೇಡಿ. ಹಿಂದಿನ ವರ್ಷ ಅಬಾರ್ಷನ್ ಆಗಿತ್ತು ಅಂತ ನೀವಾಗಿ ಹೇಳದಿದ್ದರೆ ಎದೆರೋಗದ ಡಾಕ್ಟರಿಗೆ ಗೊತ್ತಾಗುವುದು ಹೇಗೆ? ಅವರು ಕೇಳದಿದ್ದರೂ ಹೇಳಿ.

ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದು ಅಬಾರ್ಷನ್ ಮಾಡಿಕೊಂಡೆವು. ಈಗ ಏನು ಮಾಡಬೇಕು?

ಬೈಯಲು ಈ ಪುಟ ಬರೆದಿಲ್ಲ. ಸ್ಕ್ಯಾನಿಂಗ್ ಇಲ್ಲದೆ ಮಾತ್ರೆ ತೆಗೆದುಕೊಂಡರೆ ಒಳಗಿದ್ದದ್ದು ಮೋಲೋ, ನಳಿಕೆಯ ಗರ್ಭವೋ, ಸಾಮಾನ್ಯ ಗರ್ಭವೋ ಗೊತ್ತಾಗುವುದಿಲ್ಲ. ಹೊರಬಂದದ್ದನ್ನು ಯಾರೂ ಪರೀಕ್ಷೆಗೂ ಕಳಿಸಿರುವುದಿಲ್ಲ. ಮೂರು ವಾರದ ನಂತರ ಮನೆಯಲ್ಲೇ ಮೂತ್ರದ ಪ್ರೆಗ್ನೆನ್ಸಿ ಟೆಸ್ಟ್ ಮಾಡಿ. ಆಗಲೂ ಎರಡು ಗೆರೆ ಬಂದರೆ ಸ್ಕ್ಯಾನಿಂಗ್ ಮತ್ತು ರಕ್ತದ ಬೀಟಾ ಎಚ್‌ಸಿಜಿ ಮಾಡಿಸಬೇಕು. ಡಾಕ್ಟರಿಗೆ ಮಾತ್ರೆಯ ವಿಷಯ ಮುಚ್ಚಿಡಬೇಡಿ.

ಮೋಲ್ ಅನ್ನು ಹೇಗೆ ತೆಗೆಯುತ್ತಾರೆ? ಮನೆಯವರು ನೋಡಿಕೊಳ್ಳಬೇಕಾದ್ದೇನು?

ಸಕ್ಷನ್ ಹಚ್ಚಿ ತೆಗೆಯುತ್ತಾರೆ, ಸ್ಕ್ಯಾನಿಂಗ್ ಪರದೆ ನೋಡುತ್ತಾ ಮಾಡಿದರೆ ಇನ್ನೂ ಒಳ್ಳೆಯದು. ಮೋಲ್‌ನಲ್ಲಿ ರಕ್ತ ಬಹಳ ಹೋಗಬಹುದು. ಆದ್ದರಿಂದ ರಕ್ತ ತಯಾರಿಟ್ಟುಕೊಂಡಿರುವ, ಅರಿವಳಿಕೆ ಡಾಕ್ಟರಿರುವ ಕಡೆಯೇ ಆಗಬೇಕು. ಸಣ್ಣ ನರ್ಸಿಂಗ್ ಹೋಮ್‌ನಲ್ಲಿ ಬೇಗ ಮುಗಿಸಿಬಿಡೋಣ ಅನ್ನುವ ಮಾತಿಗೆ ಒಪ್ಪಬೇಡಿ. ನೆಗೆಟಿವ್ ರಕ್ತಗುಂಪಿನವರಿಗೆ ಆಂಟಿ-ಡಿ ಇಂಜೆಕ್ಷನ್ 72 ಗಂಟೆಯೊಳಗೆ ಬೇಕಾ ಅಂತ ಕೇಳಿ.

ಇನ್ನು ಜಾರ್. ತೆಗೆದ ಅಂಶವನ್ನು ಡಬ್ಬಿಗೆ ಹಾಕಿ ‘ಲ್ಯಾಬಿಗೆ ಕೊಟ್ಟುಬನ್ನಿ’ ಅಂತ ಮನೆಯವರ ಕೈಗೇ ಕೊಡುವುದುಂಟು. ಅದರಲ್ಲಿರುವ ದ್ರವ ಸಲೈನ್ ಆಗಿರಬಾರದು, 10% ಫಾರ್ಮಾಲಿನ್ ಆಗಿರಬೇಕು. ಮೂಗಿಗೆ ಘಾಟು ಹೊಡೆಯುವುದೇ ಅದರ ಗುರುತು. ಹಾಗಂತ ಮೂಸಿ ನೋಡಬೇಡಿ, ನರ್ಸನ್ನು ಕೇಳಿದರೆ ಸಾಕು. ಸಲೈನ್‌ನಲ್ಲಿ ಒಂದು ದಿನ ಉಳಿದರೆ ಅಂಶ ಕೊಳೆತು, ಪೂರ್ಣ ಮೋಲೋ ಭಾಗಶಃ ಮೋಲೋ ಹೇಳಲಾಗದ ಹಾಗೆ ಆಗುತ್ತದೆ. ಡಬ್ಬಿಯ ಮೇಲೆ ಹೆಸರು ಮತ್ತು ದಿನಾಂಕ ಇರಲಿ. ಜೊತೆಯ ಚೀಟಿಯಲ್ಲಿ ಕೊನೆಯ ಮುಟ್ಟಿನ ದಿನ ಮತ್ತು ಸ್ಕ್ಯಾನಿಂಗ್‌ನಲ್ಲಿ ಕಂಡದ್ದು ಇರಲಿ. ಅಬಾರ್ಷನ್ ಅಂತ ಕ್ಲೀನ್ ಮಾಡಿದಾಗಲೂ ಅಂಶವನ್ನು ಪರೀಕ್ಷೆಗೆ ಕಳಿಸಲು ಕೇಳುವುದು ನಿಮ್ಮ ಹಕ್ಕು. ಭಾಗಶಃ ಮೋಲ್ ಸ್ಕ್ಯಾನಿಂಗ್‌ನಲ್ಲಿ ಎಷ್ಟೋ ಸಲ ಸಾಮಾನ್ಯ ಅಬಾರ್ಷನ್ ಹಾಗೆಯೇ ಕಾಣುತ್ತದೆ.

ಬೀಟಾ ಎಚ್‌ಸಿಜಿ ಎಷ್ಟು ಸಲ ಮಾಡಿಸಬೇಕು? ಅಂಕಿಯನ್ನು ಓದುವುದು ಹೇಗೆ?

ಈ ಪುಟದಲ್ಲಿ ಒಂದನ್ನೇ ಓದುವ ಪುರುಸೊತ್ತಿದ್ದರೆ ಇದನ್ನೇ ಓದಿ.

ಎಚ್‌ಸಿಜಿ ಮಾಸಿನ ಜೀವಕೋಶಗಳು ಬಿಡುವ ಹಾರ್ಮೋನ್. ಮೋಲ್ ತೆಗೆದ ಮೇಲೆ ವಾರಕ್ಕೊಮ್ಮೆ ರಕ್ತ ಕೊಡಬೇಕು. ಹೆಚ್ಚಿನ ಲ್ಯಾಬುಗಳಲ್ಲಿ 5ಕ್ಕಿಂತ ಕಡಿಮೆ ಅಂದರೆ ನಾರ್ಮಲ್. ಅಲ್ಲಿಗೆ ತಲುಪಲು ಎರಡು ತಿಂಗಳು ಹಿಡಿಯುವುದು ಮಾಮೂಲು. ನಾರ್ಮಲ್ ಆದಮೇಲೆ, ಭಾಗಶಃ ಮೋಲ್ ಆಗಿದ್ದರೆ ಒಂದು ತಿಂಗಳ ನಂತರ ಇನ್ನೊಂದು ಪರೀಕ್ಷೆ ಸಾಕು. ಪೂರ್ಣ ಮೋಲ್ ಆಗಿದ್ದರೆ ತಿಂಗಳಿಗೊಮ್ಮೆಯಂತೆ ಮೂರು ತಿಂಗಳು. ಎಷ್ಟೋ ಡಾಕ್ಟರುಗಳು ಈಗಲೂ ಆರು ತಿಂಗಳು ಅನ್ನುತ್ತಾರೆ. ನಿಮ್ಮ ಡಾಕ್ಟರು ಹೇಳಿದಷ್ಟು ಮಾಡಿಸಿ.

ಮುಖ್ಯವಾದದ್ದು ಒಂದು ದಿನದ ಅಂಕಿಯಲ್ಲ, ಅದು ಇಳಿಯುವ ರೀತಿ. ಉದಾಹರಣೆಗೆ ವಾರವಾರಕ್ಕೆ 4200, 4050, 4300, 4150 ಹೀಗೆ ನಾಲ್ಕು ಅಂಕಿ ಮೂರು ವಾರಗಳಲ್ಲಿ 10%ರ ಆಸುಪಾಸಿನಲ್ಲೇ ಕೂತರೆ, ಅದು ನಿಂತುಹೋಗಿದೆ ಅಂತ ಅರ್ಥ. 900, 1150, 1500 ಹೀಗೆ ಎರಡು ವಾರಗಳಲ್ಲಿ ಮೂರು ಅಂಕಿ 10%ಗಿಂತ ಹೆಚ್ಚು ಏರಿದರೆ ಮತ್ತೆ ಬೆಳೆಯುತ್ತಿದೆ ಅಂತ ಅರ್ಥ. ಇವೆರಡರಲ್ಲಿ ಯಾವುದು ಕಂಡರೂ ಚಿಕಿತ್ಸೆ ಬೇಕು. ನಡುವೆ ಹೊಸದಾಗಿ ಗರ್ಭ ನಿಂತರೂ ಅಂಕಿ ಏರುತ್ತದೆ, ಅದಕ್ಕೇ ಆ ಕಾಲದಲ್ಲಿ ಗರ್ಭನಿರೋಧಕ ಬಿಡಬಾರದು.

ಪ್ರತಿ ಸಲ ಒಂದೇ ಲ್ಯಾಬಿಗೆ ಹೋಗಿ. ಒಂದು ವಾರ ಊರಿನ ಲ್ಯಾಬು, ಇನ್ನೊಂದು ವಾರ ಬೆಂಗಳೂರಿನದು ಅಂದರೆ ಯಂತ್ರದ ವ್ಯತ್ಯಾಸವೋ ಕಾಯಿಲೆಯ ಏರಿಕೆಯೋ ಗೊತ್ತಾಗುವುದಿಲ್ಲ. ರಿಪೋರ್ಟಿನಲ್ಲಿ ಬರೀ ‘ಪಾಸಿಟಿವ್’ ಅಂತಿದ್ದರೆ ಉಪಯೋಗವಿಲ್ಲ, ಅಂಕಿಯೇ ಬೇಕು. ಒಂದು ವಿಚಿತ್ರವೂ ಇದೆ: ಎಚ್‌ಸಿಜಿ ಲಕ್ಷಗಟ್ಟಲೆ ಏರಿದಾಗ ಮೂತ್ರದ ಪಟ್ಟಿ ನೆಗೆಟಿವ್ ತೋರಿಸಬಹುದು, ರಕ್ತದ ಅಂಕಿಯೂ ಸುಳ್ಳಾಗಿ ಕಡಿಮೆ ಬರಬಹುದು. ಹೊಟ್ಟೆ ದೊಡ್ಡದಿದ್ದು ಅಂಕಿ ಚಿಕ್ಕದಿದ್ದರೆ, ಮಾದರಿಯನ್ನು ತೆಳುಮಾಡಿ ಮತ್ತೆ ನೋಡಲು ಡಾಕ್ಟರು ಲ್ಯಾಬಿಗೆ ಹೇಳುತ್ತಾರೆ.

ಒಂದು ನೋಟ್‌ಬುಕ್ಕಿನ ಹಾಳೆಯಲ್ಲಿ ದಿನಾಂಕ, ಅಂಕಿ, ಲ್ಯಾಬು ಮೂರೂ ಸಾಲಾಗಿ ಬರೆದಿಡಿ. ಹತ್ತು ರಿಪೋರ್ಟುಗಳ ಕಂತೆಗಿಂತ ಆ ಒಂದು ಹಾಳೆ ಓಪಿಡಿಯಲ್ಲಿ ಬೇಗ ಕೆಲಸಕ್ಕೆ ಬರುತ್ತದೆ.

ರಕ್ತ ನಿಂತಿತು, ಮುಟ್ಟೂ ಸರಿಯಾಗಿ ಬಂತು. ಇನ್ನೂ ಪರೀಕ್ಷೆ ಬೇಕಾ?

ಬೇಕು. ಮುಟ್ಟು ಸರಿಯಾಗಿದ್ದೂ ಅಂಕಿ ಏರುತ್ತಿರಬಹುದು. ಪಾವಗಡ, ಬಾಗೇಪಲ್ಲಿ, ಶ್ರೀನಿವಾಸಪುರದ ಕಡೆಯಿಂದ ವಾರವಾರ ಬರುವುದು ಕಷ್ಟವೇ. ರಕ್ತವನ್ನು ತಾಲ್ಲೂಕಿನಲ್ಲೇ ಕೊಟ್ಟು ಅಂಕಿಯನ್ನು ಡಾಕ್ಟರಿಗೆ ತಿಳಿಸಬಹುದಾ ಅಂತ ಮೊದಲ ದಿನವೇ ಕೇಳಿಕೊಳ್ಳಿ. ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ಹೆಂಗಸರಿಗೆ ಟಿಕೆಟ್ ದುಡ್ಡು ಇಲ್ಲದಿರುವುದು ಇಲ್ಲಿ ನಿಜಕ್ಕೂ ಕೈಹಿಡಿಯುತ್ತದೆ. ಜೊತೆಗೆ ಗಂಡನ ಬದಲು ಅಕ್ಕನೋ ಅತ್ತೆಯೋ ಬಂದರೆ ಅವರಿಗೂ ಖರ್ಚಿಲ್ಲ.

ಬಯಾಪ್ಸಿ ಮಾಡದೆ ಕೀಮೋ ಶುರುಮಾಡುತ್ತಾರಂತೆ. ಇದು ಸರಿಯೇ?

ಬೇರೆ ಕ್ಯಾನ್ಸರುಗಳಲ್ಲಿ ಸರಿಯಲ್ಲ, ಇದರಲ್ಲಿ ಸರಿ. ಎಚ್‌ಸಿಜಿ ಅಂಕಿಗಳು ಮತ್ತು ಸ್ಕ್ಯಾನಿಂಗ್ ಇದ್ದರೆ ಸಾಕು. ಈ ಗೆಡ್ಡೆ ಪೂರ್ತಿ ರಕ್ತನಾಳಮಯ. ಯೋನಿಯಲ್ಲಿ ನೇರಳೆ ಬಣ್ಣದ ಗಂಟು ಕಂಡರೆ ಅದನ್ನು ಚುಚ್ಚುವುದೂ ಕತ್ತರಿಸುವುದೂ ಅಪಾಯ, ರಕ್ತ ಧಾರೆಯಾಗಿ ಹೋಗುತ್ತದೆ. ಇದೇ ಕಾರಣಕ್ಕೆ ‘ಇನ್ನೊಂದು ಸಲ ಕ್ಲೀನ್ ಮಾಡಿಬಿಡೋಣ’ ಅನ್ನುವುದೂ ಎಲ್ಲರಿಗೂ ಸಲ್ಲದು, ಗರ್ಭಕೋಶ ತೂತಾಗಬಹುದು.

ಸ್ಕೋರ್ 4 ಅಂದರು. ಏನದು?

ವಯಸ್ಸು, ಹಿಂದಿನ ಗರ್ಭ ಯಾವುದು, ಅದಾಗಿ ಎಷ್ಟು ತಿಂಗಳಾಯಿತು, ಎಚ್‌ಸಿಜಿ ಎಷ್ಟು, ಗೆಡ್ಡೆಯ ಗಾತ್ರ, ಎಲ್ಲಿಗೆ ಹರಡಿದೆ, ಎಷ್ಟು ಕಡೆ, ಮೊದಲು ಕೀಮೋ ಸೋತಿದೆಯೇ ಎಂಬ ಎಂಟು ವಿಷಯಗಳಿಗೆ ಅಂಕ ಕೊಟ್ಟು ಕೂಡುತ್ತಾರೆ. 6ರವರೆಗೆ ಕಡಿಮೆ ಅಪಾಯ, ಸಾಮಾನ್ಯವಾಗಿ ಒಂದೇ ಔಷಧಿ. 7 ಮತ್ತು ಮೇಲೆ ಹೆಚ್ಚು ಅಪಾಯ, ಹಲವು ಔಷಧಿ. ಶ್ವಾಸಕೋಶಕ್ಕೆ ಹರಡಿದ್ದರೂ ಸ್ಕೋರ್ ಕಡಿಮೆ ಇರಬಹುದು. ‘ಮೂರನೇ ಸ್ಟೇಜ್’ ಅಂತ ಕೇಳಿದೊಡನೆ ಬೇರೆ ಕ್ಯಾನ್ಸರಿನ ಲೆಕ್ಕ ಹಾಕಿ ಎದೆ ಒಡೆದುಕೊಳ್ಳಬೇಡಿ.

ಮೆಥೋಟ್ರೆಕ್ಸೇಟ್ ಯಾವ ದಿನ, ಮಾತ್ರೆ ಯಾವ ದಿನ? ಗೊಂದಲವಾಗುತ್ತಿದೆ.

ಹೆಚ್ಚು ಬಳಕೆಯಲ್ಲಿರುವ ಕ್ರಮ ಎಂಟು ದಿನದ್ದು. 1, 3, 5, 7ನೇ ದಿನ ಮೆಥೋಟ್ರೆಕ್ಸೇಟ್ ಎಂಬ ಕೀಮೋ ಇಂಜೆಕ್ಷನ್, ಸಾಮಾನ್ಯವಾಗಿ 50 ಮಿ.ಗ್ರಾಂ ಅಥವಾ ತೂಕದ ಪ್ರತಿ ಕಿಲೋಗೆ 1 ಮಿ.ಗ್ರಾಂ, ಸ್ನಾಯುವಿಗೆ. 2, 4, 6, 8ನೇ ದಿನ ಫೋಲಿನಿಕ್ ಆಸಿಡ್ 15 ಮಿ.ಗ್ರಾಂ ಮಾತ್ರೆ, ಕೀಮೋದ ಪೆಟ್ಟಿನಿಂದ ಒಳ್ಳೆಯ ಜೀವಕೋಶಗಳನ್ನು ಕಾಯಲು. ಮುಂದಿನ ಸುತ್ತು 15ನೇ ದಿನಕ್ಕೆ.

ಸೋಮವಾರ ಶುರುವಾದರೆ ಇಂಜೆಕ್ಷನ್ ಸೋಮ, ಬುಧ, ಶುಕ್ರ, ಭಾನು. ಮಾತ್ರೆ ಮಂಗಳ, ಗುರು, ಶನಿ ಮತ್ತು ಮರು ಸೋಮ. ಇಂಜೆಕ್ಷನ್ ಬೆಳಿಗ್ಗೆ 10ಕ್ಕೆ ಆದರೆ ಮಾತ್ರೆ ಮಾರನೇ ದಿನ 10ರಿಂದ ಸಂಜೆ 4ರೊಳಗೆ. ಎಡವಟ್ಟಾಗುವುದು ಭಾನುವಾರ: ಓಪಿಡಿ ಮುಚ್ಚಿರುತ್ತದೆ, ನಾಲ್ಕನೇ ಇಂಜೆಕ್ಷನ್ ತಪ್ಪಿಹೋಗುತ್ತದೆ. ಶುಕ್ರವಾರವೇ ಡ್ಯೂಟಿ ಡಾಕ್ಟರ ಹೆಸರಿಗೆ ಚೀಟಿ ಬರೆಸಿಕೊಳ್ಳಿ. ಮೊದಲ ಸುತ್ತಿಗೆ ಆಸ್ಪತ್ರೆಯಲ್ಲೇ ಇರುವುದು ಕ್ಷೇಮ, ಗೆಡ್ಡೆ ಕರಗುವಾಗ ರಕ್ತ ಹೋಗಬಹುದು. ಎಲ್ಲ ಸರಿಯಿದ್ದರೆ ಮುಂದಿನ ಸುತ್ತುಗಳನ್ನು ಜಿಲ್ಲೆಯಲ್ಲೇ ಕೊಡಿಸಲು ಪತ್ರ ಕೇಳಬಹುದು. ಪ್ರತಿ ಸುತ್ತಿಗೆ ಮೊದಲು ರಕ್ತಕಣ, ಲಿವರ್, ಕಿಡ್ನಿ ಪರೀಕ್ಷೆ ಕಡ್ಡಾಯ.

ಎಚ್‌ಸಿಜಿ ನಾರ್ಮಲ್ ಆದ ದಿನ ಕೀಮೋ ನಿಲ್ಲುವುದಿಲ್ಲ. ಆಮೇಲೂ ಸಾಮಾನ್ಯವಾಗಿ ಮೂರು ಸುತ್ತು, ಅಂದರೆ ಆರು ವಾರ ಕೊಡುತ್ತಾರೆ. ಪರೀಕ್ಷೆಗೆ ಸಿಗದಷ್ಟು ಕಡಿಮೆ ಜೀವಕೋಶಗಳು ಆಗಲೂ ಉಳಿದಿರುತ್ತವೆ.

ಫೋಲಿನಿಕ್ ಬದಲು ಫೋಲಿಕ್ ಆಸಿಡ್ ಕೊಟ್ಟರು, ಎರಡೂ ಒಂದೇ ಅಂದರು.

ಒಂದೇ ಅಲ್ಲ! ಫೋಲಿನಿಕ್ ಆಸಿಡ್‌ಗೆ ಲ್ಯೂಕೊವೊರಿನ್ ಅಂತಲೂ ಹೆಸರು, ಸ್ಟ್ರಿಪ್ ಮೇಲೆ ಅದನ್ನೇ ಹುಡುಕಿ. ಮೆಥೋಟ್ರೆಕ್ಸೇಟ್ ತಡೆಯುವ ಹಂತವನ್ನು ದಾಟಿ ಕೆಲಸ ಮಾಡುವುದು ಅದು, ಮಾಮೂಲಿ ಫೋಲಿಕ್ ಆಸಿಡ್‌ಗೆ ಅದು ಆಗುವುದಿಲ್ಲ. ಬಸಿರಿನಲ್ಲಿ ಆಶಾ ಕಾರ್ಯಕರ್ತೆ ಕೊಟ್ಟ ಕೆಂಪು ಕಬ್ಬಿಣಾಂಶದ ಮಾತ್ರೆ ಮನೆಯಲ್ಲಿ ಉಳಿದಿರುತ್ತದಲ್ಲ, ಅದರಲ್ಲೂ ಫೋಲಿಕ್ ಆಸಿಡ್ ಇದೆ. ‘ರಕ್ತ ಕಡಿಮೆ ಇದೆ, ಇದನ್ನಾದರೂ ನುಂಗು’ ಅಂತ ಕೊಡಬೇಡಿ, ಕೀಮೋದ ಬಲ ಕುಗ್ಗಬಹುದು. ಸೊಪ್ಪು, ಕಾಳು ತಿನ್ನಲು ಅಡ್ಡಿಯಿಲ್ಲ. ಕೇಳದೆ ನೋವಿನ ಮಾತ್ರೆ ಬೇಡ. ಕೋಟ್ರೈಮಾಕ್ಸಜೋಲ್ ಎಂಬ ಆಂಟಿಬಯಾಟಿಕ್ ಅಂತೂ ಮೆಥೋಟ್ರೆಕ್ಸೇಟ್ ಜೊತೆ ಸೇರಬಾರದು, ರಕ್ತಕಣಗಳು ಅಪಾಯಕಾರಿಯಾಗಿ ಕುಸಿಯುತ್ತವೆ.

ಬಾಣಂತಿ ಪಥ್ಯ ಏನು ಮಾಡುವುದು?

ನೀರು ಅಳೆದು ಕೊಡುವ ಪಥ್ಯವನ್ನು ಕೀಮೋ ಶುರುವಾದ ದಿನವೇ ಬಿಡಿ. ಮೆಥೋಟ್ರೆಕ್ಸೇಟ್ ಕಿಡ್ನಿಯ ಮೂಲಕ ಹೊರಹೋಗಬೇಕು. ನೀರು ಕಡಿಮೆಯಾದರೆ ಅದು ಮೈಯಲ್ಲೇ ಉಳಿದು ಬಾಯಿತುಂಬ ಹುಣ್ಣು ಮಾಡುತ್ತದೆ. ಹುಣ್ಣಾದಾಗ ಬಸ್ಸಾರಿನ ಖಾರ ಬೇಡ. ರಾಗಿ ಅಂಬಲಿ, ಮೊಸರನ್ನ, ಮೆತ್ತಗಿನ ಮುದ್ದೆಗೆ ಸಪ್ಪೆ ಬೇಳೆ ಸಾಕು. ಉಗುರುಬೆಚ್ಚನೆ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ. ಜ್ವರ 100.4 ಡಿಗ್ರಿ ದಾಟಿದರೆ, ಉಸಿರು ಕಟ್ಟಿದರೆ, ಬಟ್ಟೆ ತೊಯ್ಯುವಷ್ಟು ರಕ್ತ ಹೋದರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ನಾಟಿ ಔಷಧಿಯನ್ನು ಇದರ ಜೊತೆ ಬೆರೆಸಬೇಡಿ, ಲಿವರ್ ಎರಡನ್ನೂ ತಾಳುವುದಿಲ್ಲ.

ಒಂದೇ ಔಷಧಿ ಸಾಲದು, ಇಎಂಎ-ಸಿಒ ಬೇಕು ಅಂದರು.

ಇಎಂಎ-ಸಿಒ ಅಂದರೆ ಐದು ಔಷಧಿಗಳು ಸೇರಿದ ಕೀಮೋ. ಎಟೊಪೊಸೈಡ್, ಮೆಥೋಟ್ರೆಕ್ಸೇಟ್, ಆಕ್ಟಿನೋಮೈಸಿನ್-ಡಿ ಮೂರೂ ಮೊದಲೆರಡು ದಿನ. ಸೈಕ್ಲೋಫಾಸ್ಫಮೈಡ್, ವಿನ್‌ಕ್ರಿಸ್ಟಿನ್ ಎಂಟನೇ ದಿನ. ಎರಡು ವಾರಕ್ಕೆ ಒಂದು ಸುತ್ತು. ಕೂದಲು ಉದುರುತ್ತದೆ, ಮತ್ತೆ ಬರುತ್ತದೆ. ಇದನ್ನು ಕ್ಯಾನ್ಸರ್ ವಿಭಾಗ ಇರುವ ಕಡೆಯೇ ಪಡೆಯಬೇಕು. ಮೆಥೋಟ್ರೆಕ್ಸೇಟ್ ಸೋತು ಇದಕ್ಕೆ ಬಂದವರು ಧೈರ್ಯಗೆಡಬೇಕಿಲ್ಲ, ಬಹುಪಾಲು ಮಂದಿ ಇದರಲ್ಲಿ ಗುಣವಾಗುತ್ತಾರೆ.

ಗರ್ಭಕೋಶವನ್ನೇ ತೆಗೆಸಿಬಿಟ್ಟರೆ ಆಗದೇ?

ಮಕ್ಕಳು ಸಾಕು ಅನ್ನುವವರಿಗೆ, ರಕ್ತ ನಿಲ್ಲದವರಿಗೆ ಕೆಲವೊಮ್ಮೆ ಅದೇ ಸರಿ. ಮಾಸು ಅಂಟುವ ಜಾಗದಲ್ಲಿ ನಿಧಾನವಾಗಿ ಬೆಳೆಯುವ, ಎಚ್‌ಸಿಜಿ ಕಡಿಮೆ ಬಿಡುವ ಇನ್ನೊಂದು ಬಗೆಯ ಗೆಡ್ಡೆ ಇದೆ. ಅದು ಕೀಮೋಗೆ ಅಷ್ಟಾಗಿ ಬಗ್ಗುವುದಿಲ್ಲ, ಅದಕ್ಕೆ ಆಪರೇಷನ್ನೇ ಮುಖ್ಯ. ಉಳಿದವರಿಗೆ ಆತುರ ಬೇಡ. ತೆಗೆಸಿದರೂ ಎಚ್‌ಸಿಜಿ ಪರೀಕ್ಷೆ ತಪ್ಪುವುದಿಲ್ಲ, ಜೀವಕೋಶ ಮೊದಲೇ ಹೊರಗೆ ಹೋಗಿರಬಹುದು.

ಗುಣ ಆಗುತ್ತದಾ, ನಿಜ ಹೇಳಿ.

ಕಡಿಮೆ ಅಪಾಯದ ಗುಂಪಿನಲ್ಲಿ ಹೆಚ್ಚೂಕಡಿಮೆ ಎಲ್ಲರೂ. ಹೆಚ್ಚು ಅಪಾಯದ ಗುಂಪಿನಲ್ಲೂ ಒಳ್ಳೆಯ ಕೇಂದ್ರಗಳಲ್ಲಿ ಹತ್ತರಲ್ಲಿ ಒಂಬತ್ತು ಜನ. ಲಿವರ್, ಮಿದುಳಿಗೆ ಹರಡಿ ತಡವಾಗಿ ಬಂದವರದ್ದು ಕಷ್ಟದ ದಾರಿ. ಕೀಮೋದಿಂದಲೇ ಪೂರ್ತಿ ಗುಣವಾದ ಮೊದಲ ಗೆಡ್ಡೆ ಕ್ಯಾನ್ಸರ್ ಇದು. 1956ರಲ್ಲಿ ಅಮೆರಿಕದಲ್ಲಿ ಮಿನ್ ಚಿಯು ಲಿ, ರಾಯ್ ಹರ್ಟ್ಸ್ ಮತ್ತು ಸಂಗಡಿಗರು ಮೆಥೋಟ್ರೆಕ್ಸೇಟ್ ಕೊಟ್ಟು ತೋರಿಸಿದರು. ಗೆಡ್ಡೆ ಕಾಣದಾದ ಮೇಲೂ ಹಾರ್ಮೋನ್ ಇಳಿಯುವವರೆಗೆ ಔಷಧಿ ನಿಲ್ಲಿಸಬಾರದು ಅಂತ ಹಟ ಹಿಡಿದವರು ಲಿ. ಆ ಔಷಧಿಯನ್ನು ರೂಪಿಸಿದ ತಂಡದ ಹಿಂದೆ ಇದ್ದವರು ಪಕ್ಕದ ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್.

ಎಲ್ಲಿ ತೋರಿಸುವುದು? ದುಡ್ಡು ಎಷ್ಟು ಬೇಕು?

ಮೊದಲು ಜಿಲ್ಲಾಸ್ಪತ್ರೆಯ ಹೆರಿಗೆ ವಿಭಾಗ ಅಥವಾ ಜಿಲ್ಲೆಯ ಮೆಡಿಕಲ್ ಕಾಲೇಜು ಆಸ್ಪತ್ರೆ. ಮೋಲ್ ತೆಗೆಯುವುದು, ಸ್ಕ್ಯಾನಿಂಗ್ ಅಲ್ಲೇ ಆಗುತ್ತದೆ. ಕೀಮೋಗೆ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ಕಳಿಸುವುದು ವಾಡಿಕೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಎಪಿಎಲ್‌ನವರಿಗೆ ಖರ್ಚಿನ 30%, ವರ್ಷಕ್ಕೆ 1.5 ಲಕ್ಷದವರೆಗೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಇಲ್ಲದೆ ನೇರ ಖಾಸಗಿ ಆಸ್ಪತ್ರೆಗೆ ಹೋದರೆ, ತುರ್ತು ಇಲ್ಲದಿದ್ದಾಗ ಯೋಜನೆ ಸಿಗದೇ ಹೋಗುತ್ತದೆ. ರೇಷನ್ ಕಾರ್ಡ್, ಆಧಾರ್, ರೆಫರಲ್, ಎಚ್‌ಸಿಜಿ ಹಾಳೆ, ಪೆಥಾಲಜಿ ರಿಪೋರ್ಟ್ ಇಷ್ಟೂ ಒಂದೇ ಫೈಲಿನಲ್ಲಿರಲಿ. ಮೋಲ್ ತೆಗೆದಾಗ ಪರೀಕ್ಷೆಗೆ ಕಳಿಸಿದ ಅಂಶದ ಗಾಜು (ಸ್ಲೈಡ್) ಅಥವಾ ಬ್ಲಾಕನ್ನು ಊರಿನ ಲ್ಯಾಬಿನಿಂದ ಪಡೆದುಕೊಂಡೇ ಹೋಗಿ, ಅದಿಲ್ಲದೆ ಹೋದರೆ ಅದಕ್ಕಾಗಿಯೇ ಮತ್ತೊಮ್ಮೆ ಊರಿಗೆ ಓಡಾಡಬೇಕಾಗುತ್ತದೆ.

ಮಗುವಿಗೆ ಹಾಲು ಕುಡಿಸಬಹುದೇ? ಮಗುವಿಗೂ ಬರುತ್ತದೆಯೇ?

ಕೀಮೋ ನಡೆಯುವಾಗ ಎದೆಹಾಲು ಬೇಡ. ಮುಟ್ಟುವುದರಿಂದ, ಜೊತೆಯಲ್ಲಿ ಮಲಗಿಸಿಕೊಳ್ಳುವುದರಿಂದ ಏನೂ ಆಗದು. ತಾಯಿಯಿಂದ ಕೂಸಿಗೆ ಹರಡುವುದು ತೀರಾ ತೀರಾ ಅಪರೂಪ, ಆದರೂ ಹೆರಿಗೆಯ ನಂತರ ತಾಯಿಗೆ ಈ ಕಾಯಿಲೆ ಗೊತ್ತಾದರೆ ಮಗುವಿನ ಎಚ್‌ಸಿಜಿಯನ್ನೂ ಒಮ್ಮೆ ನೋಡಿಸುವುದು ಒಳ್ಳೆಯದು.

ಮತ್ತೆ ಬಸಿರಾಗಬಹುದೇ? ಅಲ್ಲಿಯವರೆಗೆ ಏನು ಬಳಸಬೇಕು?

ಆಗಬಹುದು. ಹೆಚ್ಚಿನವರಿಗೆ ಕೀಮೋ ನಂತರ ಮುಟ್ಟು ಮರಳಿ ಸರಿಯಾದ ಮಕ್ಕಳೇ ಹುಟ್ಟುತ್ತಾರೆ. ಕೀಮೋ ಮುಗಿದ ಮೇಲೆ 12 ತಿಂಗಳು ಕಾಯಬೇಕು, ಏಕೆಂದರೆ ಕಾಯಿಲೆ ಮರುಕಳಿಸುವುದಿದ್ದರೆ ಹೆಚ್ಚಾಗಿ ಆ ಅವಧಿಯಲ್ಲೇ. ಕೀಮೋ ಬೇಕಾಗದೆ ಮೋಲ್ ಮಾತ್ರ ಆಗಿದ್ದವರು ಎಚ್‌ಸಿಜಿ ಪರೀಕ್ಷೆಗಳ ಸರಣಿ ಮುಗಿದರೆ ಸಾಕು.

ಮಾಲಾ-ಎನ್ ಮಾತ್ರೆ ಅಥವಾ ನಿರೋಧ್ ಬಳಸಬಹುದು. ಎಚ್‌ಸಿಜಿ ನಾರ್ಮಲ್ ಆಗುವವರೆಗೆ ಕಾಪರ್-ಟಿ ಬೇಡ, ಗರ್ಭಕೋಶದ ಗೋಡೆ ಮೆತ್ತಗಿರುತ್ತದೆ. ಅಂತರಾ ಇಂಜೆಕ್ಷನ್ನಿನಿಂದ ಮುಟ್ಟು ಅಡ್ಡಾದಿಡ್ಡಿಯಾಗುತ್ತದೆ, ರಕ್ತ ಕಂಡಾಗಲೆಲ್ಲ ಕಾಯಿಲೆಯೋ ಇಂಜೆಕ್ಷನ್ನೋ ಅಂತ ಎಲ್ಲರೂ ಗಾಬರಿಬೀಳುತ್ತಾರೆ. ಹಾಗಾಗಿ ಈ ಅವಧಿಯಲ್ಲಿ ನಾವು ಅದನ್ನು ಮೊದಲ ಆಯ್ಕೆಯಾಗಿ ಹೇಳುವುದಿಲ್ಲ.

ಮುಂದಿನ ಗರ್ಭದಲ್ಲಿ ಮತ್ತೆ ಮೋಲ್ ಆಗುವ ಸಂಭವ 100ರಲ್ಲಿ ಸುಮಾರು 1. ಮುಟ್ಟು ನಿಂತೊಡನೆ ಬೇಗ ಸ್ಕ್ಯಾನಿಂಗ್ ಮಾಡಿಸಿ, ತಾಯಿ ಕಾರ್ಡ್ ಮಾಡಿಸುವಾಗಲೇ ಹಿಂದಿನ ವಿಷಯ ಬರೆಸಿ. ಹೆರಿಗೆಯಾದಾಗ ಮಾಸನ್ನು ಪೆಥಾಲಜಿಗೆ ಕಳಿಸಲು ಮುಂಚೆಯೇ ಹೇಳಿರಿ, ಹೆರಿಗೆಯಾಗಿ ಆರು ವಾರಕ್ಕೆ ಒಂದು ಬೀಟಾ ಎಚ್‌ಸಿಜಿ ಮಾಡಿಸಿ.